ಬಂದ್ ಆಗದ ಕಂಪ್ಯೂಟರು

ನನ್ನ ಗಂಡ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಮನೆಯ ಕಂಪ್ಯೂಟರನ್ನೂ ಬಿಡಿಭಾಗ ತಂದು ತಾವೇ ಜೋಡಿಸಿದ್ದರು. ನಲವತ್ತೆಂಟನೇ ವಯಸ್ಸಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ‘ನಾಳೆ’ ಎಂಬ ಒಂದೇ ಶಬ್ದ. ನೀರು ಬೇಕಾದರೂ ನಾಳೆ, ಬೇಡವಾದರೂ ನಾಳೆ.

ಆಸ್ಪತ್ರೆಯವರು ಮಾತಿನ ಅಭ್ಯಾಸದ ವಿಡಿಯೋಗಳನ್ನು ಕೊಟ್ಟಿದ್ದರು. ಮೊಬೈಲಿನಲ್ಲಿ ಅವರಿಗೆ ಕಾಣದೆಂದು ಕಂಪ್ಯೂಟರಿನಲ್ಲಿ ಹಾಕಿದೆ. ಮುಗಿದ ಮೇಲೆ ಶಟ್‌ಡೌನ್ ಒತ್ತಿದೆ. ಪರದೆ ಕಪ್ಪಾಯಿತು, ಆದರೆ ಡಬ್ಬಿಯೊಳಗಿನ ಫ್ಯಾನು ತಿರುಗುತ್ತಲೇ ಇತ್ತು, ದೀಪ ಉರಿಯುತ್ತಲೇ ಇತ್ತು. ಅರ್ಧ ಗಂಟೆ ಕಾದೆ. ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಮಂಚದ ಮೇಲಿಂದ ಅವರು ಎಡಗೈ ಎತ್ತಿ ಕಂಪ್ಯೂಟರಿದ್ದ ಮೇಜಿನ ಕಡೆ ತೋರಿಸಿದರು. “ನಾಳೆ, ನಾಳೆ.” ಹಾಗೆ ಕೀಳಬಾರದು, ಕೆಡುತ್ತದೆ ಎನ್ನುತ್ತಿದ್ದಾರೆ ಅಂದುಕೊಂಡೆ. ಮರುದಿನ ಪ್ಲಗ್ ಮುಟ್ಟದೆ, ಡಬ್ಬಿಯ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಿದೆ. ಆಗಲೂ ಅದೇ ಕೈ, ಅದೇ ಮಾತು. ಹಿಂದಿನ ವೈರುಗಳನ್ನು ಒಂದೊಂದಾಗಿ ಮುಟ್ಟಿ, ಇದಾ, ಇದಾ ಎಂದು ಕೇಳಿದೆ. ಎಲ್ಲದಕ್ಕೂ ಒಂದೇ ತರಹ ತಲೆ ಅಲ್ಲಾಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ. ಅವರ ಕಣ್ಣು ತುಂಬಿತು. ನನಗೆ ಸಿಟ್ಟು ಬಂತು.

“ನನಗ ತಿಳಿಯಂಗಿಲ್ರಿ. ಏನ್ ಮಾಡ್ಬೇಕು ಬಾಯಿಬಿಟ್ಟು ಹೇಳ್ರಿ” ಅಂದುಬಿಟ್ಟೆ. ಅಂದ ಮೇಲೆ ಅಡಿಗೆಮನೆಗೆ ಹೋಗಿ ಅವರ ಗಂಜಿಗೆ ನೀರಿಟ್ಟೆ.

ಭಾನುವಾರ ಕಾರ್ಖಾನೆಯ ಗೆಳೆಯರೊಬ್ಬರು ನೋಡಲು ಬಂದರು, ಬೀದರ್ ಕಡೆಯವರು. ಕಂಪ್ಯೂಟರು ಆರದಿರುವುದನ್ನು ಅವರಿಗೆ ಹೇಳಿದೆ. ಮುಂದಿನ ಸಲ ಬೇಗ ಶುರುವಾಗಲೆಂದು ಕಂಪ್ಯೂಟರು ಪೂರ್ತಿ ಆರದೆ ಅರೆನಿದ್ದೆಯಲ್ಲಿ ಉಳಿಯುತ್ತದೆ, ಒಮ್ಮೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ವಿವರಿಸಿ, ಸೆಟ್ಟಿಂಗಿನಲ್ಲಿದ್ದ ಒಂದು ಟಿಕ್ ಗುರುತು ತೆಗೆದರು. ಮತ್ತೆ ಶಟ್‌ಡೌನ್ ಒತ್ತಿದರು. ಇಬ್ಬರೂ ಬಗ್ಗಿ ಕಿವಿಗೊಟ್ಟೆವು. ಫ್ಯಾನು ನಿಂತಿತು, ದೀಪ ಆರಿತು.

“ಆತ್ ನೋಡ್ರಿ ವೈನಿ” ಅಂದರು. ಗಂಡನ ಕಡೆ ತಿರುಗಿ, ಕಿವುಡರಿಗೆ ಹೇಳುವಂತೆ ಜೋರಾಗಿ, ಎಲ್ಲಾ ಸರಿಯಾಯಿತು ಎಂದು ಹೇಳಿದರು.

ನನ್ನ ಗಂಡ ಎಡಗೈ ಎತ್ತಿ ಮೇಜಿನ ಕಡೆಗೇ ತೋರಿಸಿದರು. “ನಾಳೆ.”

“ಏನ್ ಅನ್ನಾಕತ್ತಾರ್ರಿ?”

“ಗೊತ್ತಿಲ್ರಿ” ಅಂದೆ.

ಗೆಳೆಯರು ಚಹಾ ಕುಡಿದು ಹೋದ ಮೇಲೆ, ಮೇಜಿನ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಗಂಡನ ಮಡಿಲಿಗೆ ತಂದುಕೊಟ್ಟೆ. ಕನ್ನಡಕ, ಬೀಗದ ಕೈ, ಹಳೆಯ ಡೈರಿ, ಟೆಸ್ಟರ್. ಒಂದೊಂದನ್ನೂ ನೋಡಿ ಪಕ್ಕಕ್ಕೆ ಸರಿಸಿದರು. ಟೆಸ್ಟರನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಆಮೇಲೆ ಅದನ್ನೂ ಕೆಳಗಿಟ್ಟರು. ಮೇಜಿನ ಮೇಲೆ ಕಂಪ್ಯೂಟರು ಮಾತ್ರ ಉಳಿದಿತ್ತು. ಅವರು ಇನ್ನೂ ಅತ್ತಲೇ ನೋಡುತ್ತಿದ್ದರು. ದಣಿದು ಕಣ್ಣು ಮುಚ್ಚಿದ ಮೇಲೆ ಎಲ್ಲವನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟೆ.

ಕಂಪ್ಯೂಟರು ಅಂದಿನಿಂದ ತೊಂದರೆ ಕೊಟ್ಟಿಲ್ಲ. ಅವರು ಏನು ಕೇಳುತ್ತಿದ್ದರೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.