ಸೂಜಿ ಸಾಹೇಬರ ಕಾಲಯಾತ್ರಿಕರು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಡಲೆಕಾಳು ಕೂರುವಷ್ಟು ದುಂಡಗಿನ ತಗ್ಗಿತ್ತು. ಮೂವತ್ತು ವರ್ಷ ಸಿರಿಂಜನ್ನು ಒತ್ತಿ ಒತ್ತಿ ಬಿದ್ದದ್ದು. ಸುಮ್ಮನೆ ಕುಳಿತಾಗ ಆ ತಗ್ಗನ್ನು ತೋರುಬೆರಳಿನಿಂದ ಸವರಿಕೊಳ್ಳುತ್ತಿದ್ದರು.

ಊರಿಗೆಲ್ಲ ಅವರು ಸೂಜಿ ಸಾಹೇಬರು. ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ಸಿಂಧನೂರಿನಲ್ಲಿ ಕೆಲಸಕ್ಕೆ ಸೇರಿ, ಕಾಲರಾ ಸೂಜಿ, ಸಿಡುಬು ತಡೆಯುವ ಮೈಲಿ ಚುಚ್ಚು ಎಂದು ಹಳ್ಳಿ ಹಳ್ಳಿ ಸುತ್ತಿ, ನಿವೃತ್ತಿಯಾದ ಮೇಲೆ ಲಿಂಗಸುಗೂರಿನಲ್ಲಿ ಮನೆ ಮಾಡಿದ್ದರು. ಮಗ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದ. ಸೊಸೆ, ಮೊಮ್ಮಕ್ಕಳು ಇವರ ಜೊತೆಗಿದ್ದರು. ಬಸ್ಸಿನಲ್ಲಿ ಇವರನ್ನು ಕಂಡವರು ಎಡಗೈ ತೋಳು ಮೇಲೇರಿಸಿ ಮೈಲಿಯ ಗುರುತು ತೋರಿಸುತ್ತಿದ್ದರು. "ಇದು ನಿಮ್ಮ ಕೈಯಾಂದರೀ ಸಾಹೇಬ್ರ, ನಿಮ್ಮಿಂದ ಉಳದೀವಿ." ಆಗ ಅವರು ನಗುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು. ವಿನಯ ಎಂದುಕೊಂಡಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಎರಡು ಇಂಗ್ಲಿಷ್ ಮಷಿನ್, ಒಂದು ಕನ್ನಡದ್ದು. ಬಂದವರಿಗೆ ಅರ್ಜಿ, ಸರ್ಕಾರಿ ವರದಿಗಳನ್ನೂ ಟೈಪ್ ಹೊಡೆದುಕೊಡುತ್ತಿದ್ದೆ. ಒಂದು ಮುಂಜಾನೆ ಅವರು ಬಾಗಿಲ ಬಳಿಯ ಕೊಡದ ನೀರಿನಿಂದ ಸೋಪು ಹಚ್ಚಿ ಕೈ ತೊಳೆದು ಒಳಗೆ ಬಂದರು. ಸೋಪನ್ನು ಅವರೇ ತಂದಿದ್ದರು. ಕೈಚೀಲದಿಂದ ಒಂದು ನೋಟುಬುಕ್ಕು ತೆಗೆದರು. ಅದರ ತುಂಬ ಉರ್ದು.

"ಅರ್ಜಿಯೇನ್ರಿ ಸಾಹೇಬ್ರ?" ಎಂದೆ.

"ಅಲ್ಲ ಬೇಟಿ, ಕಥಿ. ನಾ ಕಲ್ತದ್ದು ಉರ್ದು ಸಾಲಿಯೊಳಗ. ಕನ್ನಡ ಮಾತಾಡ್ತೀನಿ, ಬರಿಯಾಕ ಕೈ ತಿರುಗಂಗಿಲ್ಲ. ಮೊಮ್ಮಕ್ಕಳು ಕನ್ನಡ ಸಾಲಿಗೆ ಹೊಂಟಾವ. ಅವು ಓದಬೇಕು. ನಾ ಹೇಳ್ತೀನಿ, ನೀ ಹೊಡಿ."

ಹೈದರಾಬಾದಿನಿಂದ ಬರುತ್ತಿದ್ದ ಯಾವುದೋ ಉರ್ದು ಮಾಸಿಕದಲ್ಲಿ, ಹೋದ ಕಾಲಕ್ಕೆ ಪ್ರಯಾಣ ಮಾಡುವವನ ಕಥೆಯೊಂದನ್ನು ಅವರು ಕ್ಷೌರದಂಗಡಿಯಲ್ಲಿ ಓದಿದ್ದರಂತೆ. ಅಂದಿನಿಂದ ಅದು ಅವರನ್ನು ಬಿಟ್ಟಿರಲಿಲ್ಲ. ಅವರ ಕಥೆಯೂ ಅಂಥದ್ದೇ. ಮುಂದೆಂದೋ ಬರುವ ಕಾಲದಲ್ಲಿ ಜನ ಊರು ನೋಡಲು ಹೋದಂತೆ ಹಳೆಯ ವರ್ಷಗಳನ್ನು ನೋಡಲು ಹೋಗುತ್ತಾರೆ. ಹೆಚ್ಚಿನವರಿಗೆ ಬೇಕಾದದ್ದು ಕೇಡಿನ ವರ್ಷಗಳೇ. ಹಾಗೆ ನಾಲ್ವರು ಪ್ರಯಾಣಿಕರು, ದಾರಿ ತೋರಿಸುವ ಒಬ್ಬನ ಜೊತೆ, ಕಾಲರಾ ವರ್ಷದ ಒಂದು ಹಳ್ಳಿಗೆ ಬರುತ್ತಾರೆ. ಮಸ್ಕಿಯ ಆಚೆ, ಹಳ್ಳದ ದಂಡೆಯ ಮೇಲಿನ ಊರು. ತೊಟ್ಟವರು ಯಾರ ಕಣ್ಣಿಗೂ ಕಾಣದಂಥ ಬಟ್ಟೆ ತೊಟ್ಟಿದ್ದಾರೆ. ಈಚೆ ದಂಡೆಯ ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಾರೆ. ಆಚೆ ಹೆಂಗಸರು ಅದೇ ಹಳ್ಳದ ನೀರು ತುಂಬುತ್ತಿದ್ದಾರೆ. ಎತ್ತಿನ ಬಂಡಿಯಲ್ಲಿ ಹೆಣ ಹೋಗುತ್ತಿದೆ. ಪ್ರಯಾಣಿಕರ ಚೀಲದಲ್ಲಿ ಔಷಧಿ ಇದೆ. ಆದರೆ ನೋಡಬಹುದು, ಮುಟ್ಟಬಾರದು. ಸಾಯಬೇಕಾದವನೊಬ್ಬ ಉಳಿದರೆ ಮುಂದಿನ ಕಾಲವೆಲ್ಲ ಅದಲು ಬದಲಾದೀತು ಎಂಬುದು ಕಾನೂನು. ಕಡೆಗೆ ದಾರಿ ತೋರಿಸುವವನು "ಟೈಮ್ ಆತು, ನಡೀರಿ" ಅನ್ನುತ್ತಾನೆ. ಅವರು ಹೋಗುತ್ತಾರೆ.

ನಡುನಡುವೆ ಹೊಡೆಯುವುದನ್ನು ಮರೆತು ಕೇಳುತ್ತಿದ್ದೆ. ಅವರು ಹೇಳುವ ರೀತಿಯೇ ಹಾಗಿತ್ತು. ಬಂಡಿಯ ಗಾಲಿಗೆ ಕೀಲೆಣ್ಣೆ ಇರಲಿಲ್ಲ, ಅದರ ಕಿರುಗುಟ್ಟುವ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು ಎಂದು ಹೇಳಿ, ಆ ಸದ್ದು ನಿಲ್ಲಲಿ ಎಂಬಂತೆ ಸ್ವಲ್ಪ ಹೊತ್ತು ಕಾಯುತ್ತಿದ್ದರು.

ಆಮೇಲೆ ನಾಲ್ಕಾರು ತಿಂಗಳಿಗೊಮ್ಮೆ ಬಂದು ಅದೇ ಕಥೆಯನ್ನು ಮತ್ತೆ ಹೇಳಿ ಹೊಡೆಸುತ್ತಿದ್ದರು. ಪ್ರಯಾಣಿಕರು ಬದಲಾಗುತ್ತಿದ್ದರು, ಒಮ್ಮೆ ಗಂಡಹೆಂಡತಿ, ಒಮ್ಮೆ ಒಬ್ಬ ಡಾಕ್ಟರ್. ಹಳ್ಳ, ಬಂಡಿ, ಬೇವಿನ ಗಿಡ ಬದಲಾಗುತ್ತಿರಲಿಲ್ಲ. ನಾನು ಚಹಾ ತರಿಸಿದರೆ ಕುಡಿಯುತ್ತಿದ್ದರು, ನೀರು ಮಾತ್ರ ಮನೆಯಿಂದ ಬಾಟಲಿಯಲ್ಲಿ ತಂದದ್ದೇ. "ನೀರು ಕಾಸಿ ಕುಡದ್ರ ಅರ್ಧಾ ದವಾಖಾನಿ ಮುಚ್ಚತಾವ ಬೇಟಿ" ಎನ್ನುವುದು ಅವರ ಮಾತು. ನಮ್ಮ ಮನೆಯಲ್ಲಿ ಇಂದಿಗೂ ನೀರು ಕಾಯಿಸಿಯೇ ಕುಡಿಯುತ್ತೇವೆ.

ನಾಲ್ಕನೆಯ ಸಲವೋ ಐದನೆಯ ಸಲವೋ ಒಂದು ಹೊಸ ಸಾಲು ಬಂತು. ಆಚೆ ದಂಡೆಯಲ್ಲಿ ಒಬ್ಬ ಹುಡುಗಿ ಕೊಡ ಕೆಳಗಿಟ್ಟು, ಈಚೆ ನೋಡಿ ಕೈ ಎತ್ತಿದಳು. ನಾನು ಹೊಡೆಯುವುದನ್ನು ನಿಲ್ಲಿಸಿದೆ.

"ಸಾಹೇಬ್ರ, ಇವರು ಯಾರಿಗೂ ಕಾಣಂಗಿಲ್ಲ ಅಂದ್ರಲ್ರೀ. ಮತ್ತ ಆಕಿ ಯಾರಿಗೆ ಕೈ ಎತ್ತಿದ್ಲು?"

ತಪ್ಪು ತಿದ್ದುವ ಟೈಪಿಸ್ಟಿನ ಚಾಳಿಯಿಂದ ಕೇಳಿದ್ದು ಅಷ್ಟೆ. ಅವರು ನನ್ನನ್ನು ನೋಡಿದರು. ನೋಟುಬುಕ್ಕು ಮುಚ್ಚಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು. ಅರ್ಧ ಹೊಡೆದ ಹಾಳೆ ಮಷಿನ್ನಿನಲ್ಲೇ ಉಳಿಯಿತು.

ಒಂದು ವರ್ಷ ಅವರು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಸಲಾಮು ಹೇಳಿ ಮುಂದೆ ಹೋಗುತ್ತಿದ್ದರು. ನಾನೇನು ತಪ್ಪು ಮಾಡಿದೆ ಎಂದು ಹಲವು ದಿನ ಯೋಚಿಸಿದೆ. ಮರುವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ಬಂದರು. ಕಲಿಯುವ ಹುಡುಗಿಯರೆಲ್ಲ ಊಟಕ್ಕೆ ಹೋಗಿದ್ದರು. ಚೀಲ ತಂದಿರಲಿಲ್ಲ.

"ನನಗ ಕೈ ಎತ್ತಿದ್ಲು ಬೇಟಿ," ಎಂದರು. "ಆ ದಂಡಿಮ್ಯಾಲ ನಿಂತಿದ್ದಾಂವ ನಾನು."

ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅದಕ್ಕೂ ಮೊದಲು ಹೋಗಿದ್ದ ಊರಿನಲ್ಲಿ ಹದಿನೈದು ದಿನ ಸಾವು ನೋಡಿ ಬಂದಿದ್ದರು. ಮುಂಜಾನೆ ಮಾತಾಡಿಸಿದವರು ಸಂಜೆಗೆ ಇರುತ್ತಿರಲಿಲ್ಲ. ಪೆಟ್ಟಿಗೆಯ ತುಂಬ ಔಷಧಿ ಹಿಡಿದು ಈ ಊರಿನ ಹಳ್ಳದವರೆಗೆ ಬಂದರು. ಕಾಲು ಮುಂದೆ ಹೋಗಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಬಂಡಿ ಹೋಗುವುದನ್ನು ನೋಡಿದರು. ಆಚೆ ದಂಡೆಯ ಮೇಲಿನ ಮನೆಯ ಹುಡುಗಿ ಕೈ ಎತ್ತಿದಳು. ಇವರು ತಿರುಗಿ ನಡೆದರು. ದಾರಿಯಲ್ಲಿ ಔಷಧಿಯನ್ನು ನೆಲಕ್ಕೆ ಸುರಿದರು. ಸಿಂಧನೂರಿಗೆ ಹೋಗಿ ದಫ್ತರಿನಲ್ಲಿ, ಆ ಊರಿನವರಿಗೆಲ್ಲ ಸೂಜಿ ಹಾಕಲಾಗಿದೆ ಎಂದು ಬರೆದರು.

"ನಾ ಸುಳ್ಳು ಬರದೆ ಅಂತ ಮತ್ಯಾರನ್ನೂ ಕಳಸಲಿಲ್ಲ," ಎಂದರು. "ಅಂಜಿ ಓಡಿದ್ದು ಹೋಗ್ಲಿ. ಬರದೆನಲ್ಲ."

ಆಮೇಲೆ ಮೂವತ್ತು ವರ್ಷ ಯಾವ ಹಳ್ಳ ತುಂಬಿದರೂ ದಾಟಿ ಹೋದರಂತೆ. ಆ ಊರಿಗೆ ಮಾತ್ರ ಕಾಲಿಡಲಿಲ್ಲ.

ನನಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಏನು ಧೈರ್ಯವೋ, "ಹೋಗೋಣು ನಡೀರಿ ಸಾಹೇಬ್ರ, ನಾನೂ ಬರ್ತೀನಿ" ಎಂದುಬಿಟ್ಟೆ.

"ನಕ್ಕೋ ಬೇಟಿ," ಎಂದರು, ಬೇಡ ಅಂತ. ಆದರೆ ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು.

ಮಸ್ಕಿಯಲ್ಲಿ ಇಳಿದು ಒಂದು ಟ್ರ್ಯಾಕ್ಟರಿನಲ್ಲಿ ಕುಳಿತು ಹೋದೆವು. ಹಳ್ಳಕ್ಕೆ ಸೇತುವೆಯಾಗಿತ್ತು. ನಡುವೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಊರೊಳಗಿನ ಚಹಾದಂಗಡಿಯಲ್ಲಿ ಒಬ್ಬ ಮುದುಕನನ್ನು ನಾನೇ ಕೇಳಿದೆ, ಕಾಲರಾ ವರ್ಷ ದಂಡೆಯ ಮನೆಯಲ್ಲಿದ್ದ ಹುಡುಗಿಯ ಬಗ್ಗೆ.

"ಆ ಮನಿಯೊಳಗ ಉಳದಾಕಿ ಆಕಿ ಒಬ್ಬಾಕಿನ," ಎಂದ ಮುದುಕ. "ಬಳಗಾನೂರಿಗೆ ಕೊಟ್ಟಾರ. ಅದಾಳ ಇನ್ನಾ."

ಬದುಕಿದ್ದಾಳೆ ಎಂಬ ಮಾತಿಗೆ ಸಾಹೇಬರು ನನ್ನ ಹೆಗಲು ಹಿಡಿದುಕೊಂಡರು.

ಬಳಗಾನೂರು ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ. ಐವತ್ತು ದಾಟಿದ ಹೆಂಗಸು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು, ಕಾಲರಾ ವರ್ಷ ಹಳ್ಳದ ದಂಡೆಗೆ ಬಂದು ನಿಂತಿದ್ದವರು ಇವರೇ ಎಂದು ನಾನು ತೊದಲುತ್ತ ಹೇಳಿದೆ. ಆಕೆ ಸಾಹೇಬರನ್ನು ಬಹಳ ಹೊತ್ತು ನೋಡಿದಳು.

"ನೆನಪೈತ್ರಿ. ಖಾಕಿ ಅಂಗಿ. ಕೈಯಾಗ ತಗಡಿನ ಪೆಟಿಗಿ, ಬಿಸಲಿಗೆ ಹೊಳಿತಿತ್ತು. ಹಳ್ಳ ಜೋರಿತ್ತಲ್ರೀ. ಬರಬ್ಯಾಡ್ರಿ, ಹರಕೊಂಡು ಹೋಗ್ತೀರಿ ಅಂತ ಕೈ ಮಾಡಿದ್ದೆ."

ನನಗೆ ಎದೆಯ ಭಾರ ಇಳಿದಂತಾಯಿತು. ಇಷ್ಟಕ್ಕೇ ಎದ್ದು ಹೋಗಬಹುದಿತ್ತು. ಸಾಹೇಬರು ಏಳಲಿಲ್ಲ.

"ಇಲ್ಲ ತಂಗಿ. ನೀರು ಟೊಂಕದ ಮಟ ಇತ್ತು. ಎಮ್ಮಿ ದಾಟಾಕತ್ತಿದ್ವು. ನಾ ಅಂಜಿದ್ದು ನೀರಿಗಲ್ಲ, ಬ್ಯಾನಿಗೆ. ಮರುದಿನ ನೀರೂ ಇಳೀತು, ಆಗೂ ಬರಲಿಲ್ಲ. ನಿಮ್ಮೂರಾಗ ಸೂಜಿ ಹಾಕೀನಿ ಅಂತ ಸುಳ್ಳು ಬರದೆ. ಅದಕ್ಕ ಮತ್ಯಾರೂ ಬರಲಿಲ್ಲ."

ಮೊರ ನಿಂತಿತು.

"ಮರುದಿನಾನೂ ನಾ ಹೋಗಿ ನಿಂತಿದ್ದೆರಿ," ಎಂದಳು. ದನಿ ಏರಲಿಲ್ಲ. "ಅದರ ಮರುದಿನಾನೂ. ಅವ್ವ ಹೋಗಿದ್ದು ಅವತ್ತು. ತಮ್ಮ ಆಮ್ಯಾಲ."

ಕೋಳಿಗಳು ಅಕ್ಕಿಗೆ ಬಂದವು, ಆಕೆ ಓಡಿಸಲಿಲ್ಲ.

"ಈಗ್ಯಾಕ ಬಂದ್ರಿ?"

"ಹೇಳಾಕ."

"ಹೇಳಿದ್ರಲ್ಲ," ಎಂದು ಮತ್ತೆ ಮೊರ ಎತ್ತಿಕೊಂಡಳು.

ಇನ್ನೂ ಕೂರಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ನಾವು ಎದ್ದಾಗ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಇಟ್ಟಳು. ಸಾಹೇಬರು ಅದನ್ನು ಎತ್ತಿ ಪೂರ್ತಿ ಕುಡಿದರು. ಕಾಯಿಸಿದ ನೀರೋ ಅಲ್ಲವೋ ಕೇಳಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಆಕಿ ಬರಬ್ಯಾಡ್ರಿ ಅಂತ ಕೈ ಮಾಡಿದ್ದು ಖರೇನೋ, ದಾರಿ ಕಾಯ್ಕೋತ ನಿಂತಿದ್ದು ಖರೇನೋ?"

"ಎರಡೂ ಖರೇ ಇರಬಹುದ್ರೀ," ಎಂದೆ.

"ಹಂಗಿದ್ರ ಇನ್ನೂ ಕಷ್ಟ," ಎಂದು ಕಿಟಕಿಗೆ ತಲೆ ಆನಿಸಿದರು.

ಆಮೇಲೆ ಒಮ್ಮೆ ಮಾತ್ರ ಕಥೆ ಹೇಳಲು ಬಂದರು. ಈ ಸಲ ಪ್ರಯಾಣಿಕರಿಗೆ ಕಾಣದ ಬಟ್ಟೆ ಇರಲಿಲ್ಲ. ಊರಿನವರೆಲ್ಲ ಅವರನ್ನು ನೋಡುತ್ತಿದ್ದಾರೆ. ಪ್ರಯಾಣಿಕರಲ್ಲೊಬ್ಬ ಚಪ್ಪಲಿ ಬಿಟ್ಟು ನೀರಿಗಿಳಿಯುತ್ತಾನೆ. ಅಲ್ಲಿಗೆ ನಿಲ್ಲಿಸಿದರು. ಮುಂದೇನು ಎಂದು ಕೇಳಿದೆ. "ಮುಂದಿಂದು ನಾ ನೋಡಿಲ್ಲ ಬೇಟಿ. ನೋಡಲಾರದ್ದು ಬರಸಬಾರದು" ಎಂದರು.

ತೊಂಬತ್ತರ ದಶಕದ ಮೊದಲಲ್ಲಿ ಅವರು ತೀರಿಕೊಂಡರು. ಉಬ್ಬಸ ಬಹಳ ದಿನದಿಂದ ಇತ್ತು. ನಾನು ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಕೂಡಿಸಿಕೊಂಡು ಹೇಳಿದಳು, "ಕಡೀಕ ಎರಡು ದಿನ ಮಾವ ಬಾಗಿಲ ಕಡಿ ನೋಡಿ ಕೈ ಎತ್ತಾಕತ್ತಿದ್ರು ಟೀಚರ್. ಯಾರು ಬಂದಾರ್ರೀ ಅಂತ ಕೇಳಿದ್ರ ಸುಮ್ಮಾಗ್ತಿದ್ರು." ನನಗೆ ಗೊತ್ತಿದ್ದನ್ನು ಆಕೆಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇಂದಿಗೂ ತಿಳಿಯದು. ಕಥೆಯ ಹಾಳೆಗಳನ್ನೆಲ್ಲ ಮೊಮ್ಮಕ್ಕಳಿಗೆಂದು ಕೊಟ್ಟು ಬಂದೆ.

ಅದಾಗಿ ಮೂರು ನಾಲ್ಕು ವರ್ಷಕ್ಕೆ ಕಾಲುವೆ ಕಡೆಯ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತು. ನಡುವಯಸ್ಸಿನ ಒಬ್ಬ ನರ್ಸಮ್ಮ ವರದಿ ಹೊಡೆಸಲು ಬಂದಳು. ಕಣ್ಣು ಕೆಂಪಾಗಿದ್ದವು, ಸೀರೆಯ ಅಂಚಿಗೆ ಕೆಸರು ಮೆತ್ತಿತ್ತು. ಭೇಟಿ ಕೊಟ್ಟ ಹಳ್ಳಿಗಳ ಹೆಸರನ್ನು ಅವಳು ಓದುತ್ತಿದ್ದಳು, ನಾನು ಹೊಡೆಯುತ್ತಿದ್ದೆ. ಒಂದು ಹೆಸರಿಗೆ ಅವಳ ದನಿ ತಗ್ಗಿತು. ನನ್ನ ಬೆರಳು ನಿಂತಿತು.

"ಅಲ್ಲಿಗೆ ಹೋಗಿದ್ರೇನ್ರಿ ಅಕ್ಕಾ?" ಎಂದು ಕೇಳಿದೆ.

ಅವಳು ಹೆಸರಿನ ಪಟ್ಟಿಯನ್ನು ಮಡಚಿಕೊಂಡು, "ಆ ಊರು ಇವತ್ತ ಬಿಡ್ರಿ. ನಾಳಿ ಬಂದು ಸೇರಸ್ತೀನಿ" ಎಂದು ಎದ್ದಳು. ಹೇಳಿದಂತೆ ಬಂದಳು ಕೂಡ, ಮೂರು ದಿನ ತಡವಾಗಿ, ಅಲ್ಲಿಗೆ ಹೋಗಿ ಬಂದು.

ಅಷ್ಟನ್ನು ಕೇಳುವುದನ್ನು ಸೂಜಿ ಸಾಹೇಬರು ನನಗೆ ಕಲಿಸಿ ಹೋದರು. ಆದರೆ ಅವರು ನನ್ನ ಬಾಗಿಲಿಗೆ ಬರುವ ಮೊದಲೂ ನಾನು ಹಲವು ವರ್ಷ ಅಂಥ ವರದಿಗಳನ್ನು ಹೊಡೆದುಕೊಟ್ಟಿದ್ದೆ. ಯಾರನ್ನೂ, ಏನನ್ನೂ ಕೇಳಿರಲಿಲ್ಲ.