ಉಗ್ರಾಣದ ಹತ್ತೊಂಬತ್ತನೆಯ ಪಾಯಿಂಟ್

ಮೊನ್ನೆ ಶಿರಸಿಯ ಒಂದು ಬ್ಯಾಂಕಿನಲ್ಲಿ ಸರದಿಯಲ್ಲಿ ನಿಂತಿದ್ದೆ. ಕ್ಯಾಶಿಯರ್ ಬಂದು ಮೇಜಿನ ಮೇಲಿನ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದರು. ಪರಿಮಳ ಬಂದದ್ದೇ ಮುಂದಿದ್ದ ಇಬ್ಬರು ಕೈ ಮುಗಿದರು. ನಾನು ತಲೆ ಎತ್ತಿ ಚಾವಣಿ ನೋಡಿದೆ. ನನ್ನ ಭಕ್ತಿಯ ಬಗ್ಗೆ ತಪ್ಪು ತಿಳಿಯಬೇಡಿ. ಚಾವಣಿಗೆ ಹೊಗೆ ಹಿಡಿಯುವ ಬಟ್ಟಲುಗಳನ್ನು ಕೂರಿಸಿ, ಕೆಳಗೆ ಊದಿನಕಡ್ಡಿ ಹಿಡಿದು, ಕೆಂಪು ದೀಪ ಹತ್ತುತ್ತದೋ ಇಲ್ಲವೋ ಎಂದು ಕಾಯುವುದು ಹದಿನಾರು ವರ್ಷಗಳಿಂದ ನನ್ನ ಕಸುಬು. ಪರೀಕ್ಷೆ ಮಾಡಲು ಬೇರೆಯೇ ಒಂದು ಸ್ಪ್ರೇ ಡಬ್ಬಿ ಬರುತ್ತದೆ. ಅದರ ಬೆಲೆ ಕೇಳಿದ ದಿನವೇ ನಾವು ಊದಿನಕಡ್ಡಿಗೆ ಶರಣಾದೆವು.

ಕಳ್ಳರು ಬಂದರೆ ಕೂಗುವ ಗಂಟೆ, ಬೆಂಕಿ ಬಿದ್ದರೆ ಕೂಗುವ ಗಂಟೆ, ಎರಡನ್ನೂ ಕಟ್ಟುತ್ತೇನೆ, ಕ್ಯಾಮೆರಾವನ್ನೂ ಕೂರಿಸುತ್ತೇನೆ. ಹುಬ್ಬಳ್ಳಿಯ ಒಬ್ಬ ಕಂತ್ರಾಟುದಾರರು ಕೆಲಸ ಹಿಡಿಯುತ್ತಾರೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ್ದನ್ನು ನಮಗೆ ದಾಟಿಸುತ್ತಾರೆ. ತಿಂಗಳ ಸಂಬಳ ಇಲ್ಲ. ಒಂದು ಬಟ್ಟಲು, ಅದರ ವೈರು, ಇವೆರಡೂ ಸೇರಿ ಒಂದು ಪಾಯಿಂಟ್. ಪಾಯಿಂಟಿಗೆ ಇಷ್ಟು ಎಂದು ಮಜೂರಿ. ಏಣಿ ನಮ್ಮದು, ಡ್ರಿಲ್ ನಮ್ಮದು, ಪೆಟ್ರೋಲ್ ನಮ್ಮದು. ನಾನು ಬೈಕ್ ಕೊಳ್ಳುವ ಮೊದಲು ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಕಂಡಕ್ಟರು ಏಣಿಗೂ ಟಿಕೆಟ್ ಹರಿಯುತ್ತಿದ್ದರು. ಹರಿದು, ನನಗಿಂತ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದರು.

ನನಗೆ ಇವತ್ತಿಗೂ ಅರ್ಥವಾಗದ ಒಂದು ಸಂಗತಿ ಇದೆ, ನಿಮಗೆ ಆದರೆ ಹೇಳಿ. ಜನ ಕ್ಯಾಮೆರಾ ಕೊಳ್ಳುವಾಗ ಚೌಕಾಶಿ ಮಾಡುವುದಿಲ್ಲ. ಅದು ಡಬ್ಬಿಯಲ್ಲಿ ಬರುತ್ತದೆ, ಡಬ್ಬಿಯ ಮೇಲೆ ಬೆಲೆ ಅಚ್ಚಾಗಿರುತ್ತದೆ. ಅದನ್ನು ಹದಿನೈದು ಅಡಿ ಎತ್ತರದ ಗೋಡೆಗೆ ಕೂರಿಸಿದ ಕೈಯನ್ನು ನೋಡಿದ ಕೂಡಲೇ "ನಾಲ್ಕು ಸ್ಕ್ರೂ ತಿರುಗಿಸಲಿಕ್ಕೆ ಇಷ್ಟಾ?" ಎನ್ನುತ್ತಾರೆ. ನಮ್ಮ ಕೈ ಡಬ್ಬಿಯಲ್ಲಿ ಬರುವುದಿಲ್ಲ, ಅಷ್ಟೇ. ಹಾಗೆಂದು ನಾನೇನು ದೊಡ್ಡವನಲ್ಲ. ಸಂತೆಯಲ್ಲಿ ಸೌತೆಕಾಯಿ ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ವಾದ ಮಾಡಿ ಗೆದ್ದು ಬಂದವನೇ.

ಇತ್ತ ಶಿರಸಿಯ ಎರಡು ಕೋಣೆಯ ಬಾಡಿಗೆ ಮನೆ ವರ್ಷಕ್ಕೊಮ್ಮೆ ತಪ್ಪದೆ ದುಬಾರಿಯಾಗುತ್ತದೆ. ಸಿಲಿಂಡರು, ಹಾಲು, ಮಗಳ ಶಾಲೆಯ ವ್ಯಾನು, ಯಾವುದೂ ಪಾಯಿಂಟಿನ ಲೆಕ್ಕದಲ್ಲಿ ಬರುವುದಿಲ್ಲ, ತಿಂಗಳ ಲೆಕ್ಕದಲ್ಲೇ ಬರುತ್ತದೆ. ಅರಬೈಲ್ ಘಟ್ಟದ ಕೆಳಗೊಂದು ಪೆಟ್ರೋಲ್ ಬಂಕಿಗೆ ಕ್ಯಾಮೆರಾ ಹಾಕಿದ ವಾರ ದುಡಿದದ್ದರಲ್ಲಿ ಅರ್ಧವನ್ನು ಅದೇ ಬಂಕಿನಲ್ಲಿ ಪೆಟ್ರೋಲಿಗೆ ಸುರಿದು ಬಂದೆ. ಹೆಂಡತಿ ಸವಿತಾ ಒಂದು ದಿನ ಬಾಗಿಲ ಚಿಲಕ ಹಾಕುತ್ತ ಹೇಳಿದಳು: "ನಿಂಗ ಊರಿಗೆಲ್ಲ ಕಳ್ಳರ ಗಂಟೆ ಕಟ್ತಿ. ನಮ್ಮನೇಲಿ ಕದ್ಕಂಡು ಹೋಪಲೆ ಎಂತ ಇದ್ದು?" ನಾನು ನಕ್ಕೆ. ಅವಳು ನಗಲಿಲ್ಲ.

ಇಷ್ಟು ಗೊಣಗಿದ ಮೇಲೆ ಪರಶುರಾಮಣ್ಣನ ವಿಷಯ ಹೇಳಲೇಬೇಕು. ದಾಸನಕೊಪ್ಪದ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು, ಈ ಕೆಲಸ ಕಲಿಸಿದವರು. ವೈರನ್ನು ಗೋಡೆಯ ಮೇಲೆ ರಂಗೋಲಿಯ ಗೆರೆಯಷ್ಟು ನೇರ ಎಳೆಯುತ್ತಿದ್ದರು. ಆ ನೇರಕ್ಕೆ ಬೇರೆ ಮಜೂರಿ ಇಲ್ಲ ಎಂದು ನಾನು, ಇಲ್ಲದಿದ್ದರೂ ಎಳೆಯುತ್ತೇನೆ ಎಂದು ಅವರು. ನಮ್ಮ ಜಗಳವೆಲ್ಲ ಇದರಲ್ಲೇ ಇತ್ತು.

ಏಳೆಂಟು ವರ್ಷದ ಹಿಂದೆ ಯಲ್ಲಾಪುರದ ಹತ್ತಿರ ಒಂದು ಹೊಸ ಕಲ್ಯಾಣ ಮಂಟಪಕ್ಕೆ ಬೆಂಕಿಯ ಗಂಟೆ ಕಟ್ಟಲು ಹೋದೆವು. ನಕ್ಷೆಯಲ್ಲಿ ಹತ್ತೊಂಬತ್ತು ಪಾಯಿಂಟ್. ಮಂಟಪದ ಮಾಲೀಕರು ನಕ್ಷೆಯನ್ನು ತರಕಾರಿ ಚೀಟಿಯಂತೆ ನೋಡಿ, ಅಡುಗೆಮನೆಯ ಹಿಂದಿನ ಉಗ್ರಾಣದ ಮೇಲೆ ಬೆರಳಿಟ್ಟರು. "ಇಲ್ಲಿ ಯಾರು ಕೂರ್ತಾರೆ ಮಾರಾಯ? ಇದೊಂದು ಬಿಡಿ." ಕಂತ್ರಾಟುದಾರರು ಫೋನಿನಲ್ಲಿ, ಅವರು ಹೇಳಿದಷ್ಟು ಮಾಡಿ ಎಂದರು. ಬಾಗಿಲಿನ ಹೂವಿನ ಕಮಾನಿಗೆ ಆ ಮಾಲೀಕರು ಕೊಟ್ಟದ್ದರಲ್ಲಿ ಹತ್ತು ಉಗ್ರಾಣಕ್ಕೆ ಪಾಯಿಂಟ್ ಹಾಕಬಹುದಿತ್ತು.

ಪರಶುರಾಮಣ್ಣ ಉಗ್ರಾಣದ ಬಾಗಿಲಲ್ಲಿ ನಿಂತರು. ಒಳಗೆ ಸ್ಪಂಜಿನ ಕುರ್ಚಿಗಳು, ಪರದೆಗಳ ರಾಶಿ, ಎಣ್ಣೆಯ ಡಬ್ಬಗಳು, ಮೇಲೆ ಹಲಗೆಯ ಅಟ್ಟ.

"ತಮ್ಮಾ, ಬೆಂಕಿ ಬೀಳೂದಾದ್ರ ಇಲ್ಲೇ ಬೀಳತೈತಿ. ಸ್ಟೇಜ್ ಮ್ಯಾಲೆ ಬಿದ್ರ ಎಲ್ಲಾ ಮಂದಿಗೂ ಕಾಣತೈತಿ. ಇಲ್ಲಿ ಬಿದ್ರ ಯಾರಿಗೆ ಕಾಣತೈತಿ?"

"ಇದಕ್ಕೆ ಯಾರೂ ದುಡ್ಡು ಕೊಡೂದಿಲ್ಲ ಪರಶುರಾಮಣ್ಣ."

"ಕೊಡೂದಿಲ್ಲ ಬಿಡು," ಎಂದು ಅವರು ಏಣಿ ಎತ್ತಿಕೊಂಡರು.

ಹಳೆಯ ಕೆಲಸವೊಂದರಲ್ಲಿ ಉಳಿದಿದ್ದ ಬಟ್ಟಲು ಅವರ ಚೀಲದಲ್ಲಿತ್ತು. ವೈರು ಎಳೆದು ಕೂರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಆ ಅರ್ಧ ದಿನ ಸಿದ್ದಾಪುರದಲ್ಲಿ ಬೇರೆ ಕೆಲಸ ಕಾಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಮಗಳ ಕಾಲೇಜಿನ ಫೀಸನ್ನು ಈ ಉಗ್ರಾಣ ಕಟ್ತದಾ?" ಎಂದುಬಿಟ್ಟೆ. ಅವರು ಏಣಿಯ ಮೇಲಿಂದ ನನ್ನನ್ನು ನೋಡಿ, ಉಳಿದ ಸ್ಕ್ರೂ ಬಿಗಿದರು.

ಎಂಟು ತಿಂಗಳ ನಂತರ ಒಂದು ಮದುವೆಯ ದಿನ, ಎರಡನೆಯ ಪಂಕ್ತಿ ಕೂತಿದ್ದಾಗ, ಉಗ್ರಾಣದೊಳಗಿನ ಸ್ವಿಚ್ಚಿನಿಂದ ಕಿಡಿ ಹಾರಿ ಪರದೆಯ ರಾಶಿ ಹೊಗೆಯಾಡಿತು. ಗಂಟೆ ಕೂಗಿತು. ಅಡುಗೆಯವರು ಗ್ಯಾಸ್ ಬಂದ್ ಮಾಡಿದರು, ಜನ ಹೊರಗೆ ಬಂದರು, ಬೋರಿನ ಪೈಪು ಎಳೆದು ನೀರು ಬಿಟ್ಟರು. ಪರದೆ ಮತ್ತು ಒಂದಷ್ಟು ಕುರ್ಚಿ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮರುದಿನ ಗಂಟೆಯನ್ನು ಸರಿಮಾಡಲು ನಮ್ಮನ್ನು ಕರೆಸಿದರು.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಯಾಕೆ ಎಂದು ನೀವು ಊಹಿಸಬಲ್ಲಿರಿ.

ಮಾಲೀಕರು ಮೆಟ್ಟಿಲಲ್ಲೇ ಸಿಕ್ಕರು. "ಉಗ್ರಾಣಕ್ಕೆ ಹಾಕಿ ಅಂತ ನಾ ಹೇಳೇ ಇರ್ಲಿಲ್ಲ. ಊಟದ ಹೊತ್ತಿಗೆ ಕೂಗ್ತು. ಒಂದು ಪಂಕ್ತಿ ಎಲೆ ಬಿಟ್ಟು ಎದ್ದೋತು, ಮದುವೆ ಮನೆಯವರು ಬಾಡಿಗೆ ಮುರಕೊಂಡ್ರು. ಅದರ ಸ್ವರ ಸ್ವಲ್ಪ ಸಣ್ಣ ಮಾಡ್ಲಿಕ್ಕೆ ಬರೂದಿಲ್ವಾ?"

ಬೆಂಕಿಗೆ ಮೆಲ್ಲಗೆ ಕೂಗುವ ಗಂಟೆಯನ್ನು ಯಾರೂ ಇನ್ನೂ ಮಾಡಿಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಮೂರು ದಿನ ಬಿಟ್ಟು, ಸ್ನಾನ ಮಾಡುವಾಗ.

ಒಳಗೆ ಪರಶುರಾಮಣ್ಣ ಮಸಿ ಹಿಡಿದ ಬಟ್ಟಲನ್ನು ಒರೆಸುತ್ತಿದ್ದಾಗ ಅಡುಗೆಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಂದರು. ಗೌರಕ್ಕ ಎಂದು ಹೆಸರು, ಮದುವೆಗಳಲ್ಲಿ ಕಾಯಿ ತುರಿಯುವ ಕೆಲಸ.

"ಗಂಟೆ ಕಟ್ದೋರು ನೀವೇಯಾ? ನಾ ಬೆಳಗಿನ ಜಾವದಿಂದ ಕಾಯಿ ತುರ್ದು, ಈ ಅಟ್ಟದ ಮೇಲೆ ಮಲಗಿದ್ದೆ. ಇಲ್ಲಿ ಮಲಗಿದ್ದು ಯಾರಿಗೂ ಗೊತ್ತಿರ್ಲಿಲ್ಲ. ಅದು ಕೂಗಿದ್ದಕ್ಕೆ ಎಚ್ಚರ ಆಯ್ತು."

ನಾವಿಬ್ಬರೂ ಅಟ್ಟ ನೋಡಿದೆವು. ಹಲಗೆಯ ಅಂಚು ಕರಿಯಾಗಿತ್ತು. ಎಂಟು ತಿಂಗಳ ಹಿಂದೆ ಆ ಏಣಿಯ ಕೆಳಗೆ ನಿಂತು ನಾನು ಆಡಿದ ಮಾತು ನನಗೇ ಕೇಳಿಸಿತು.

"ಇದಕ್ಕೆ ನಿಮಗೆ ಎಷ್ಟು ಕೊಟ್ರು?" ಗೌರಕ್ಕ ಕೇಳಿದರು.

"ಇದಕ್ಕೇನಿಲ್ಲ ಯವ್ವಾ, ಪುಕ್ಕಟೆ ಹಾಕಿದ್ದು," ಎಂದರು ಪರಶುರಾಮಣ್ಣ, ಸ್ವಲ್ಪ ನಾಚಿಕೆಯಿಂದ.

ಕೈ ಮುಗಿಯುತ್ತಾರೇನೋ ಎಂದುಕೊಂಡೆ. ಗೌರಕ್ಕನಿಗೆ ಸಿಟ್ಟು ಬಂತು. "ಪುಕ್ಕಟೆ ಯಾಕೆ ಮಾಡಿದ್ರಿ? ಒಂದೇ ಒಂದು ಕಾಯಿ ಪುಕ್ಕಟೆ ತುರ್ದುಕೊಡು ಅಂದ್ರೆ ನಾ ತುರಿಯೂದಿಲ್ಲ. ಒಂದು ಸಲ ಪುಕ್ಕಟೆ ಮಾಡಿದ್ರೆ ಆಮೇಲೆ ಅದೇ ರೇಟು ಆಗ್ತದೆ. ಹಾಕಿದ್ದು ಒಳ್ಳೇದಾಯ್ತು. ದುಡ್ಡು ಕೇಳ್ದೆ ಬಿಟ್ಟಿದ್ದು ತಪ್ಪು."

ಎಂಟು ತಿಂಗಳಿಂದ ನಾವಿಬ್ಬರು ಅರ್ಧರ್ಧ ಹಿಡಿದುಕೊಂಡು ಜಗಳವಾಡುತ್ತಿದ್ದ ಮಾತನ್ನು ಆಕೆ ಒಂದೇ ಉಸಿರಿನಲ್ಲಿ ಪೂರ್ತಿ ಮಾಡಿ, ಈಳಿಗೆ ಮಣೆಯ ಕಡೆ ಹೋದರು.

ಹೊರಡುವಾಗ ಪರಶುರಾಮಣ್ಣ ಮಾಲೀಕರ ಮುಂದೆ ಏಣಿ ಇಟ್ಟುಕೊಂಡೇ ನಿಂತರು. "ಸಾವಕಾರ್ರ, ನೀವು ಹೇಳಿರಲಿಲ್ಲ, ಖರೆ. ಉಗ್ರಾಣದ ಪಾಯಿಂಟ್ ತೆಗೀಲೇನ್ರಿ? ತೆಗೆಯೂದಾದ್ರ ತೆಗೆದದ್ದರ ಮಜೂರಿ ಕೊಡ್ರಿ. ಇರಲಿ ಅಂದ್ರ ಹಾಕಿದ್ದರ ಮಜೂರಿ ಕೊಡ್ರಿ."

ಮಾಲೀಕರು ಉಗ್ರಾಣದ ಕಡೆ ನೋಡಿದರು. ಗೌರಕ್ಕ ಬಾಗಿಲಲ್ಲೇ ಕೂತು ಕಾಯಿ ತುರಿಯುತ್ತಿದ್ದರು, ಅಟ್ಟದ ಸುದ್ದಿ ಅಷ್ಟರಲ್ಲಿ ಮಾಲೀಕರಿಗೂ ಮುಟ್ಟಿತ್ತು. "ಇರ್ಲಿ ಮಾರಾಯ," ಎಂದು ಕಿಸೆಗೆ ಕೈ ಹಾಕಿದರು.

ಇದರಿಂದ ನಮ್ಮ ಬದುಕು ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಕಂತ್ರಾಟುದಾರರು ಆ ವರ್ಷ ಪಾಯಿಂಟಿಗೆ ಒಂದಿಷ್ಟು ಏರಿಸಿದರು, ಪೆಟ್ರೋಲ್ ಅದಕ್ಕೂ ಮುಂಚೆ ಏರಿ ಕೂತಿತ್ತು. ಪರಶುರಾಮಣ್ಣ ಮಂಡಿನೋವಿನಿಂದ ಏಣಿ ಬಿಟ್ಟು, ದಾಸನಕೊಪ್ಪದಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟರು. ಮೊದಲಿಗಿಂತ ಚೆನ್ನಾಗಿದ್ದಾರೆ. ಆ ಕೈ ಈ ಕಸುಬಿನಲ್ಲಿ ಉಳಿಯಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟಿದೆ, ಯಾರ ಮೇಲೆ ಎಂದು ಗೊತ್ತಿಲ್ಲ.

ನಿನ್ನೆ ಸಿದ್ದಾಪುರದ ಒಂದು ಶಾಲೆಯವರು ಫೋನ್ ಮಾಡಿದ್ದರು. ಮೂವತ್ತು ಪಾಯಿಂಟ್, ಕಂತ್ರಾಟುದಾರರಿಲ್ಲದೆ ನೇರವಾಗಿ. ಮಜೂರಿ ಹೇಳಿದೆ. "ಕಡಿಮೆ ಮಾಡಿ, ಇಲ್ಲವಾದರೆ ಪ್ರಯೋಗಾಲಯದ್ದು ಬಿಡೋಣ," ಎಂದರು. ಪ್ರಯೋಗಾಲಯದ್ದು ಬಿಡಲಾಗುವುದಿಲ್ಲ, ಮಜೂರಿಯೂ ಅಷ್ಟೇ ಎಂದೆ. ನೋಡಿ ಹೇಳುತ್ತೇವೆ ಎಂದು ಫೋನ್ ಇಟ್ಟರು.

"ಸಿಕ್ತಾ?" ಸವಿತಾ ಒಳಗಿನಿಂದ ಕೇಳಿದಳು.

"ಇಲ್ಲೆ, ಸಿಕ್ಕಿದ್ದಿಲ್ಲೆ."

ಹಿಂದೆಲ್ಲ ಇಂಥ ಹೊತ್ತಿನಲ್ಲಿ ಐದು ನಿಮಿಷ ಕಾದು, ನಾನೇ ಫೋನ್ ಮಾಡಿ, ಆಯ್ತು ಸಾರ್ ನೀವು ಹೇಳಿದಷ್ಟಕ್ಕೇ ಮಾಡುತ್ತೇನೆ ಎನ್ನುತ್ತಿದ್ದೆ. ನಿನ್ನೆ ಐದು ನಿಮಿಷ ಆಯಿತು. ಅರ್ಧ ಗಂಟೆಯಾಯಿತು. ಸವಿತಾ ಬಂದು ನನ್ನನ್ನೂ ಮೇಜಿನ ಮೇಲಿದ್ದ ಫೋನನ್ನೂ ನೋಡಿ, ಚಾ ತಂದಿಟ್ಟಳು. ನಾನು ಚಾ ಕುಡಿದೆ.