ಔಷಧಿ ತರದ ರಷ್ಯಾದ ಜನರಲ್

ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ. ನಾನಾಗ ಶಿಕಾರಿಪುರದಲ್ಲಿ ಆಸ್ಪತ್ರೆ ಆಯಾ. ಓದಿದ್ದು ಮೂರನೇ ಕ್ಲಾಸು. ಸೊರಬದ ಕಡೆ ಮಂಗನ ಜ್ವರ ಜೋರಾಗಿದೆ, ಕೈ ಸಾಲದು ಅಂತ ಕ್ಯಾಸನೂರಿನ ಹತ್ತಿರ ಹಾಕಿದ್ದ ಕ್ಯಾಂಪಿಗೆ ನನ್ನನ್ನು ಕಳಿಸಿದರು.

ಕಾಡಲ್ಲಿ ಮಂಗಗಳು ಸಾಯುತ್ತಿದ್ದವು, ಅವುಗಳ ಬೆನ್ನಿಗೇ ಮನುಷ್ಯರು. ಸತ್ತ ಮಂಗನ ಮೈಯಿಂದ ಉಣುಗು ಇಳಿಯುತ್ತದೆ. ಉಣುಗು ಅಂದರೆ ದನಕ್ಕೆ ಹತ್ತುತ್ತದಲ್ಲ, ಆ ರಕ್ತ ಹೀರುವ ಹುಳ. ಅದು ಕಚ್ಚಿದವರಿಗೆ ಜ್ವರ. ತಲೆ ಸಿಡಿಯುತ್ತದೆ, ಒಸಡಿನಿಂದ ರಕ್ತ ಬರುತ್ತದೆ. ನಮ್ಮ ಡಾಕ್ಟರ ಹತ್ತಿರ ಔಷಧಿ ಇರಲಿಲ್ಲ. ಗಂಜಿ, ಗ್ಲೂಕೋಸು, ತಣ್ಣೀರ ಬಟ್ಟೆ, ಅಷ್ಟೆ.

ಆಗ ಸುದ್ದಿ ಬಂತು: ರಷ್ಯಾದ ಮಿಲಿಟರಿ ಜನರಲ್ ಒಬ್ಬರು ಬರುತ್ತಾರೆ, ಡಾಕ್ಟರೂ ಹೌದು, ಅವರ ಕಾಡಲ್ಲೂ ಇಂಥದೇ ಉಣುಗಿನ ಜ್ವರ ಇದೆ. ಅಷ್ಟು ದೂರದಿಂದ ಬರುವವರು ಬರಿಗೈಯಲ್ಲಿ ಬರುತ್ತಾರೆಯೇ ಅಂತ ಎಲ್ಲರ ಲೆಕ್ಕ. ಸೌದೆ ಕಡಿಯುವ ತಿಮ್ಮಪ್ಪ ಕ್ಯಾಂಪಿನ ಮಂಚದ ಮೇಲೆ ಎಚ್ಚರ ತಪ್ಪಿ ಮಲಗಿದ್ದ. ಅವನ ಹೆಂಡತಿ ಚೌಡಮ್ಮ ಬೆಳಗ್ಗೆಯಿಂದ ಬಾಗಿಲಲ್ಲೇ ಕೂತಿದ್ದಳು.

ಜೀಪಿನಿಂದ ಇಳಿದವರು ಎತ್ತರದ ಆಳು. ಎಡಗೈಯಲ್ಲಿ ಎರಡು ಬೆರಳಿಲ್ಲ. ಅವರ ಮಾತನ್ನು ಜೊತೆಯಲ್ಲಿ ದೆಹಲಿಯಿಂದ ಬಂದಿದ್ದವರೊಬ್ಬರು ಇಂಗ್ಲಿಷಿಗೆ ತಿರುಗಿಸಬೇಕು, ನಮ್ಮ ಡಾಕ್ಟರು ಕನ್ನಡಕ್ಕೆ. ಜನರಲ್ ತಿಮ್ಮಪ್ಪನ ಕಣ್ಣುರೆಪ್ಪೆ ಎತ್ತಿ ನೋಡಿದರು, ಬಾಯಿ ತೆರೆಸಿ ನೋಡಿದರು. ಚೌಡಮ್ಮ ಔಷಧಿ ತಂದಿದಾರಾ ಕೇಳ್ರೀ ಅಂದಳು. ಮಾತು ಹೋಗಿ ವಾಪಸು ಬಂತು.

“ಇಲ್ವಂತೆ ಕಣಮ್ಮ. ಅವರಲ್ಲೂ ಇಲ್ವಂತೆ.”

“ಹಂಗಾದ್ರೆ ಇಷ್ಟು ದೂರ ಯಾಕೆ ಬಂದ್ರಂತೆ?”

ಅದನ್ನು ಡಾಕ್ಟರು ಇಂಗ್ಲಿಷಿಗೆ ತಿರುಗಿಸಲಿಲ್ಲ. ಚೌಡಮ್ಮ ಎದ್ದು ಸೆರಗು ಕೊಡವಿಕೊಂಡು ಊರ ಕಡೆ ಹೋದಳು.

ಜನರಲ್ ನಮ್ಮ ಒಲೆ ಹತ್ತಿರ ಬೆಂಚಿನ ಮೇಲೆ ಕೂತು ಚಾ ಕುಡಿದರು. ತಮ್ಮ ಕತೆ ತಾವೇ ತೆಗೆದರು. ಅಪ್ಪ ಮರ ಕಡಿಯುವವನಂತೆ. ಇವರು ಸೈನ್ಯಕ್ಕೆ ಸೇರಿದ್ದು ಗಾಯಾಳುಗಳನ್ನು ಹೊರುವ ಕೆಲಸಕ್ಕೆ. ಅಲ್ಲಿಂದಲೇ ಓದಿ ಡಾಕ್ಟರಾದರು. ಅವರನ್ನು ರಷ್ಯಾದ ಪೂರ್ವದ ಕಾಡಿಗೆ ಹಾಕಿದರು. ಹಿಮ ಕರಗುತ್ತಿದ್ದ ಹಾಗೆ ಸೈನಿಕರಿಗೆ ಜ್ವರ ಶುರು. ಕಾಡೊಳಗೆ ಸತ್ತ ಒಬ್ಬನನ್ನು ಅಲ್ಲೇ ಬಿಡುವುದು ಅವಮಾನ ಅಂತ ಇವರೇ ನಾಲ್ವರನ್ನು ಕಳಿಸಿ ಹೆಣ ತರಿಸಿದರಂತೆ. ಆ ನಾಲ್ವರಿಗೂ ಉಣುಗು ಹತ್ತಿತ್ತು. ಒಬ್ಬ ಉಳಿದ. ಆಮೇಲೆ ದೊಡ್ಡ ಯುದ್ಧ, ಬೆರಳು ಹೋದದ್ದು, ಪದಕಗಳು, ಜನರಲ್ ಪದವಿ, ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿ ಮುಗಿಸಿದರು. ಆ ನಾಲ್ವರ ಹೆಸರು ಮಾತ್ರ ನಿಧಾನವಾಗಿ ಹೇಳಿದರು.

ಅಷ್ಟರಲ್ಲಿ ಊರ ಕಡೆಯಿಂದ ಜಾಗಟೆ ಸದ್ದು. ನಮ್ಮ ಕಡೆ ಮಂಗ ಸತ್ತರೆ ಆಂಜನೇಯ ಅಂತ ಮನುಷ್ಯರ ಹಾಗೇ ಮಣ್ಣು ಮಾಡುತ್ತಾರೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಮನೆಯವರೇ ಹೆಣಕ್ಕೆ ಸ್ನಾನ ಮಾಡಿಸಬೇಕು, ಆಗ ಕಾಯಿಲೆ ಬಿಡುತ್ತದೆ ಅಂತ ನಂಬಿಕೆ. ನಾವೆಲ್ಲ ಓಡಿ ಹೋಗಿ ನೋಡಿದರೆ ಊರ ಕಟ್ಟೆ ಮೇಲೆ ಚೌಡಮ್ಮ. ಮಡಿಲಲ್ಲಿ ಸತ್ತ ಮಂಗ. ಕೂದಲು ಬಿಡಿಸಿ ಬಿಡಿಸಿ ಅರಿಶಿನ ಹಚ್ಚುತ್ತಿದ್ದಾಳೆ. ಅವಳ ಮೊಣಕೈ ಮೇಲೆ ಉಣುಗು ಹರಿಯುವುದು ನನಗೇ ಕಾಣುತ್ತಿತ್ತು.

ಮುಟ್ಟದೆ ಸೀಮೆಎಣ್ಣೆ ಹಾಕಿ ಸುಡಿ ಅಂತ ಡಾಕ್ಟರು ಕೂಗಿದರು. ದೇವರಿಗೆ ಸೀಮೆಎಣ್ಣೆಯಾ ಅಂತ ಊರ ಗೌಡರು ಅಡ್ಡ ನಿಂತರು. ಮಿಲ್ಟ್ರಿಯೋರು ಮಂಗನ ಮೇಲೂ ದಂಡೆತ್ತಿ ಬಂದ್ರಪ್ಪಾ ಅಂತ ಹಿಂದಿನಿಂದ ಯಾರೋ ನಕ್ಕರು.

ಜನರಲ್ ಟೋಪಿ ತೆಗೆದು ಅವಳ ಮುಂದೆ ಮಣ್ಣಲ್ಲೇ ಮಂಡಿಯೂರಿದರು. ಡಾಕ್ಟರು ಅವರ ಮಾತನ್ನು ಕನ್ನಡದಲ್ಲಿ ಹೇಳಿದರು: “ಸತ್ತವನ ಮರ್ಯಾದೆಗೆ ಬದುಕಿದ್ದವರನ್ನ ಕೊಟ್ಟೆ ನಾನು. ನೀನು ಕೊಡಬೇಡ.”

ಚೌಡಮ್ಮ ತಲೆ ಎತ್ತಲಿಲ್ಲ. “ನಿಮ್ಮ ಹತ್ರ ಏನೂ ಇಲ್ಲ ಅಂದ್ರಿ. ನನ್ನ ಕೈಲಿರೋದು ಇದೊಂದೇ.”

ನಾನು ಅವಳ ರಟ್ಟೆ ಹಿಡಿದು ಎಳೆದೆ. ನಾಲ್ಕು ಜನ ಸೇರಿ ನನ್ನನ್ನೇ ಆಚೆ ದಬ್ಬಿದರು. ಸ್ನಾನ ಮುಗಿಯಿತು, ಮೆರವಣಿಗೆ ಹೊರಟಿತು. ಜನರಲ್ ಮಂಡಿಯ ಮಣ್ಣೂ ಒರೆಸಿಕೊಳ್ಳದೆ ಜೀಪು ಹತ್ತಿದರು.

ತಿಮ್ಮಪ್ಪ ಉಳಿದ. ಒಂದೆರಡು ವಾರದಲ್ಲಿ ಚೌಡಮ್ಮ ಅದೇ ಮಂಚದ ಮೇಲೆ ತೀರಿಕೊಂಡಳು. ಅವಳ ಬಾಯಿಯ ರಕ್ತ ಒರೆಸಿದವಳು ನಾನು. ಹೆಂಡತಿಯನ್ನು ತೆಗೆದುಕೊಂಡು ದೇವರು ಗಂಡನನ್ನು ಬಿಟ್ಟ ಅಂತ ಊರವರು ಅಂದರು. ತಿಮ್ಮಪ್ಪ, “ಹೌದೇನು ಆಯಮ್ಮ?” ಅಂತ ಕೇಳಿದ.

“ಉಣುಗಿಗೆ ಗಂಡ ಹೆಂಡ್ತಿ ಗೊತ್ತಿಲ್ಲ. ಗಂಜಿ ಕುಡಿ,” ಅಂದೆ.

ಜನರಲ್ ಹೇಳಿದ್ದು ಸುಳ್ಳಲ್ಲ. ಔಷಧಿ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಬೇಕು. ಆದರೆ ಇಲ್ಲ ಅನ್ನಿಸಿಕೊಂಡವರು ಕೈ ಕಟ್ಟಿ ಕೂರುವುದಿಲ್ಲ, ಏನು ಸಿಕ್ಕಿದರೆ ಅದನ್ನು ಹಿಡಿದುಕೊಳ್ಳುತ್ತಾರೆ. ಆಮೇಲೆ ರಿಟೈರ್ ಆಗುವ ತನಕ, ಡಾಕ್ಟರು ಕಾಯಿಲೆಯವರ ಮನೆಯವರಿಗೆ ಔಷಧಿ ಇಲ್ಲ ಅಂತ ಹೇಳಲು ಬಾಯಿ ತೆರೆದರೆ ಸಾಕು, ನಾನು ಒದ್ದೆ ಬಟ್ಟೆ ತಂದು ಆ ಮನೆಯವರ ಕೈಗೆ ಕೊಡುತ್ತಿದ್ದೆ. ಹಣೆ ಒರೆಸ್ತಾ ಕೂತ್ಕೊ, ಎದ್ದು ಹೋದೀಯ ಜೋಕೆ, ಅನ್ನುತ್ತಿದ್ದೆ.